ಮೊದಲ ಕರೆಂಟಿಗೂ ಮುನ್ನ ಬಾಯಿ ಅಳೆಯಿರಿ

ಮಾನ್ಯ ರೇಡಿಯೇಶನ್ ವೈದ್ಯರಿಗೆ,

ತಲೆ-ಕತ್ತಿನ ಕ್ಯಾನ್ಸರಿಗೆ ಆರೇಳು ವಾರ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟು ನೀವು ಬದುಕಿಸಿದವರು ಎಷ್ಟೋ ತಿಂಗಳ ಮೇಲೆ ನಮ್ಮ ಫಿಸಿಯೋಥೆರಪಿ ಕೋಣೆಗೆ ಬರುತ್ತಾರೆ. ಗಡ್ಡೆ ಹೋಗಿರುತ್ತದೆ, ಸ್ಕ್ಯಾನ್ ಚೆನ್ನಾಗಿರುತ್ತದೆ. ಬಾಯೊಳಗೆ ಮಾತ್ರ ಒಂದು ಬೆರಳೂ ಸಲೀಸಾಗಿ ಹೋಗುವುದಿಲ್ಲ. ರೊಟ್ಟಿ ತಿಂದು ಬೆಳೆದವರು ಗಂಜಿಯನ್ನು ಸ್ಟ್ರಾದಲ್ಲಿ ಹೀರುತ್ತಾರೆ, ಮದುವೆಮನೆಯ ಪಂಕ್ತಿಗೆ ಕೂರಲು ಹಿಂಜರಿಯುತ್ತಾರೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದರೆ, "ಹೀಗಾಗುತ್ತೆ ಅಂತ ಯಾರೂ ಹೇಳಲಿಲ್ಲ" ಎನ್ನುತ್ತಾರೆ. ಈ ಪತ್ರ ಬರೆಸಿದ್ದು ಆ ಮಾತು.

ನಿಮಗೆ ತಿಳಿಯದ್ದೇನಲ್ಲ. ಗಡ್ಡೆಗೆಂದು ಕೊಡುವ 60-70 ಗ್ರೇ ರೇಡಿಯೇಶನ್ನಿನಲ್ಲಿ ದೊಡ್ಡ ಪಾಲು ಪಕ್ಕದಲ್ಲೇ ಇರುವ ಅಗಿಯುವ ಸ್ನಾಯುಗಳಿಗೂ ಬೀಳುತ್ತದೆ. ಅವು ಮೆಲ್ಲಗೆ ನಾರುಗಟ್ಟುತ್ತವೆ. ಕರೆಂಟು ನಿಂತರೂ ಅದು ನಿಲ್ಲುವುದಿಲ್ಲ. ಬಾಯಿ ಬೇಗಬೇಗನೆ ಬಿಗಿಯುವುದು ಚಿಕಿತ್ಸೆ ಮುಗಿದ ಮೊದಲ ಒಂಬತ್ತು ತಿಂಗಳಲ್ಲಿ. ಅಡಿಕೆ, ಗುಟ್ಕಾ ಅಗಿದು ಕೆನ್ನೆಯ ಒಳಪದರವೇ ಗಡುಸಾಗಿರುವ ನಮ್ಮ ಕಡೆಯ ಅನೇಕರಿಗಂತೂ ಚಿಕಿತ್ಸೆಗೆ ಮೊದಲೇ ಬಾಯಿ ಪೂರ್ತಿ ತೆರೆಯುತ್ತಿರುವುದಿಲ್ಲ. ಎಳೆಯ ಬಿಗಿತವನ್ನು ಸಡಿಲಿಸಬಹುದು. ವರ್ಷ ಕಳೆದು ಬಲಿತದ್ದನ್ನು ನಾವೆಷ್ಟೇ ಶ್ರಮಪಟ್ಟರೂ ಕೆಲವು ಮಿಲಿಮೀಟರ್ ಮಾತ್ರ ಹಿಂದೆ ಪಡೆಯುತ್ತೇವೆ. ತಡವಾಗಿ ಬಂದವರ ಮುಖ ನೋಡಿ ಇದನ್ನು ಹೇಳುವುದು ತುಂಬಾ ಕಷ್ಟ.

ಬಾಯಿ ತೆರೆಯದಿದ್ದರೆ ತೊಂದರೆ ಊಟಕ್ಕಷ್ಟೇ ಅಲ್ಲ. ಜೊಲ್ಲು ಬತ್ತಿದ ಬಾಯಲ್ಲಿ ಬ್ರಷ್ ಆಡದೆ ಹಲ್ಲು ಹುಳುಕಾಗುತ್ತದೆ. ಕರೆಂಟು ಕಂಡ ದವಡೆಯಿಂದ ಹಲ್ಲು ಕಿತ್ತರೆ ಮೂಳೆ ಕೊಳೆಯುವ ಭಯ. ರೋಗ ಮರಳಿದೆಯೇ ಎಂದು ಇಣುಕಿ ನೋಡಲು ನಿಮಗೂ ಆಗುವುದಿಲ್ಲ.

ತಡೆಯಲು ಬೇಕಾದದ್ದು ದುಬಾರಿಯದಲ್ಲ. ಬಾಯಿ ಹಿಗ್ಗಿಸುವ ವಿದೇಶಿ ಉಪಕರಣ ಕೊಳ್ಳಲಾಗದವರಿಗೆ ಐಸ್‌ಕ್ರೀಂ ಕಡ್ಡಿಗಳಿವೆ: ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಹಿಗ್ಗಿದಂತೆಲ್ಲ ಒಂದೊಂದೇ ಸೇರಿಸುತ್ತಾ ಹೋಗುವುದು. ದಿನಕ್ಕೆ 5 ಸಲ, ಸಲಕ್ಕೆ 5 ಬಾರಿ, ಬಾರಿಗೆ 30 ಸೆಕೆಂಡು ಹಿಡಿದಿಡುವುದು ಬಳಕೆಯಲ್ಲಿರುವ ಒಂದು ಕ್ರಮ. ಬಾಯಿ ಹುಣ್ಣಾದ ವಾರಗಳಲ್ಲಿ ಕಡ್ಡಿ ಬಿಟ್ಟು, ತಾಳಿಕೊಳ್ಳುವಷ್ಟು ಮಾತ್ರ ತೆರೆದು ಮುಚ್ಚಿದರೂ ಸಾಕು. ಜಗ್ಗಿ ಎಳೆಯಬಾರದು. ಚೆನ್ನಾಗಿ ತೆರೆಯುತ್ತಿದ್ದ ಬಾಯಿ ಏಕಾಏಕಿ ಬಿಗಿದರೆ ವ್ಯಾಯಾಮ ನಿಲ್ಲಿಸಿ ಮೊದಲು ನಿಮ್ಮಲ್ಲಿಗೇ ಬರಬೇಕು, ರೋಗ ಮರುಕಳಿಸಿರಲೂಬಹುದು.

ನಿಮ್ಮ ಓಪಿಡಿಯ ನೂಕುನುಗ್ಗಲು ಬಲ್ಲೆ. ಆದರೂ ಮುಖಕ್ಕೆ ಮಾಸ್ಕ್ ಅಚ್ಚು ತೆಗೆಯುವ ದಿನವೇ ಒಂದು ಸ್ಕೇಲಿನಿಂದ ಮೇಲಿನ, ಕೆಳಗಿನ ಬಾಚಿಹಲ್ಲುಗಳ ನಡುವಿನ ಅಂತರ ಅಳೆದು ಫೈಲಿನಲ್ಲಿ ಬರೆಸಿ. ಮುಂದಿನ ಪ್ರತಿ ಭೇಟಿಯಲ್ಲೂ ಅಳೆಸಿ. 35 ಮಿಲಿಮೀಟರಿಗಿಂತ ಇಳಿಯುವವರೆಗೆ ಕಾಯದೆ, ಆ ಮೊದಲ ದಿನವೇ ನಮ್ಮಲ್ಲಿಗೆ ಚೀಟಿ ಬರೆದು ಕಳಿಸಿ. ಜೊತೆಗೆ ಬಂದ ಹೆಂಡತಿಗೋ ಮಗನಿಗೋ ಕಡ್ಡಿ ಜೋಡಿಸುವುದನ್ನು ನಾವು ತೋರಿಸಿಕೊಡುತ್ತೇವೆ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್