ಸ್ಯಾಂಪಲ್ಲಪ್ಪ

"ಈ ಸಲ ಹುಣಸೆಹಣ್ಣಿನ ರೇಟು ಬಿದ್ದೋಯ್ತು" ಎಂದು ಕೋರದ ಹೋಟೆಲಿನಲ್ಲಿ ಯಾರಾದರೂ ಅಂದರೆ ಪಕ್ಕದವರು ಹೂಂಗುಟ್ಟುತ್ತಾರೆ, ಅವರಾಚೆ ಕೂತವರು ಸರ್ಕಾರಕ್ಕೆ ಬೈಯುತ್ತಾರೆ. ಮೂಲೆಯ ಬೆಂಚಿನಿಂದ ಮಾತ್ರ ಒಂದು ಪ್ರಶ್ನೆ ತೂರಿ ಬರುತ್ತದೆ: "ಯಾವ ವರ್ಷಕ್ಕೆ ಹೋಲಿಸಿದರೆ? ಹಣದುಬ್ಬರ ಕಳೆದಿದ್ದೀರಾ?" ಮಾತು ಅಲ್ಲಿಗೆ ನಿಲ್ಲುತ್ತದೆ, ಟೀ ಆರುತ್ತದೆ. ಇವನೇ ನಮ್ಮ ಸ್ಯಾಂಪಲ್ಲಪ್ಪ.

ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿದೆ, ಈಗ ಯಾರಿಗೂ ನೆನಪಿಲ್ಲ. ತುಮಕೂರಿನಲ್ಲಿ ಎಂ.ಕಾಂ., ಫೈನಾನ್ಸ್, ಕೊನೆಯ ಸೆಮಿಸ್ಟರ್, ಪ್ರಾಜೆಕ್ಟ್ ಬಾಕಿ. ಇಂಥವನು ಗುಬ್ಬಿಯಲ್ಲೂ ಒಬ್ಬನಿದ್ದಾನೆ, ಕುಣಿಗಲ್ಲಿನಲ್ಲೂ ಒಬ್ಬನಿದ್ದಾನೆ. ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಎಕ್ಸೆಲ್ ಹಾಳೆ ನೋಡುತ್ತಾ ಇಳಿಯುವ ಸ್ಟಾಪ್ ದಾಟಿಸಿಕೊಂಡವನು ಕಂಡರೆ ಅವನೇ. ರಿಸರ್ಚ್ ಮೆಥಡಾಲಜಿ ಪೇಪರ್ ಓದುವವರೆಗೆ ಎಲ್ಲರಂತೆಯೇ ಇದ್ದ. ಓದಿದ ಮೇಲೆ ಕೆಟ್ಟ. "ಬೆಕ್ಕು ಅಡ್ಡ ಬಂತು, ಒಂದ್ಗಳಿಗೆ ಕೂತು ಹೋಗೋ" ಎಂದು ಅವ್ವ ಅಂದರೆ, "ಬೆಕ್ಕು ಅಡ್ಡ ಬರದೆಯೂ ಕೆಲಸ ಕೆಟ್ಟ ದಿನಗಳ ಲೆಕ್ಕ ಇಟ್ಟಿದ್ದೀಯೇನವ್ವ?" ಎನ್ನುತ್ತಾನೆ. ಅಕ್ಕನಿಗೆ ಗಂಡು ತಂದ ಮದುವೆ ದಲ್ಲಾಳಿ, ತಾನು ಜಾತಕ ಕೂಡಿಸಿದ ಜೋಡಿಗಳೆಲ್ಲ ಸುಖವಾಗಿವೆ ಎಂದು ಕೊಚ್ಚಿಕೊಂಡಾಗ ಇವನು ಸುಮ್ಮನಿರಲಿಲ್ಲ. "ಸುಖವಾಗಿರೋರನ್ನೇ ಎಣಿಸಿದ್ದೀರಿ ಸಾರ್, ಕೋರ್ಟಿಗೆ ಹೋದವರು ನಿಮ್ಮ ಡಾಟಾದಲ್ಲೇ ಇಲ್ಲ." ದಲ್ಲಾಳಿ ಮತ್ತೆ ಆ ಬೀದಿಗೆ ಕಾಲಿಟ್ಟಿಲ್ಲ.

ಪ್ರಾಜೆಕ್ಟಿಗೆ ವಿಷಯ ಸಿಕ್ಕಿದ್ದೇ ಒಂದು ಕಥೆ. ಸೀನಿಯರ್‌ಗಳು 2016ರ ನವೆಂಬರ್ 8ರ ನೋಟು ರದ್ದತಿಯ ಮೇಲೆ ಬದುಕಿಕೊಂಡರು. ಅವರ ನಂತರದವರಿಗೆ 2017ರ ಜುಲೈನ ಜಿಎಸ್‌ಟಿ ಸಿಕ್ಕಿತು, ಅವರ ನಂತರದವರಿಗೆ ಕೊರೋನಾ. ಇವನ ಪಾಲಿಗೆ ಯಾವ ವಿಪತ್ತೂ ಉಳಿದಿರಲಿಲ್ಲ, ಕೋರ ಒಂದು ಉಳಿದಿತ್ತು. ಹಾಗಾಗಿ "ಕೋರ ಹೋಬಳಿಯ ಕುಟುಂಬಗಳ ಹೂಡಿಕೆ ವರ್ತನೆ ಮತ್ತು ಅಪಾಯ ಸಹಿಷ್ಣುತೆ: ಒಂದು ಎಂಪಿರಿಕಲ್ ಅಧ್ಯಯನ."

ಎಷ್ಟು ಜನರನ್ನು ಕೇಳಬೇಕು? 384. ಕ್ರೆಜ್ಸಿ, ಮಾರ್ಗನ್ ಎಂಬಿಬ್ಬರು 1970ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಜನಸಂಖ್ಯೆ ಒಂದು ಲಕ್ಷವಿರಲಿ, ಹತ್ತು ಲಕ್ಷವಿರಲಿ, 384 ಮಂದಿ ಸಾಕು. ಅಂದಿನಿಂದ ನಮ್ಮ ಕಾಮರ್ಸ್ ವಿಭಾಗಗಳ ಬೀರುಗಳಲ್ಲಿ ಆ 384 ಮಂದಿ ಕೂತೇ ಇದ್ದಾರೆ. ಪಟ್ಟಿಗೊಂದು ಷರತ್ತೂ ಉಂಟು: ಆಯ್ಕೆ ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ನಡೆಯಬೇಕು. ಆ ಷರತ್ತಿನವರೆಗೆ ಓದುವ ಹೊತ್ತಿಗೆ ಸಬ್‌ಮಿಷನ್ ತಾರೀಕು ಬಂದಿರುತ್ತದೆ. ನಮ್ಮವನು 120ಕ್ಕೆ ನಿಂತ, ಅದೂ ಕೈಗೆ ಸಿಕ್ಕವರು: ಹೋಟೆಲಿನ ಬೆಂಚಿನವರು, ಬಸ್ಸಿಗೆ ಕಾಯುವವರು, ಡೇರಿಗೆ ಹಾಲು ಹಾಕಲು ಬಂದವರು.

ಡೇರಿಯಲ್ಲೇ ನಾಮಕರಣವಾದದ್ದು. ಕ್ಯೂನಲ್ಲಿ ನಿಂತವರಿಗೆ ಫಾರಂ ಹಂಚುತ್ತಿದ್ದವನನ್ನು ಡೇರಿ ಸೆಕ್ರೆಟರಿ ಕೇಳಿದರು: "ಇವರನ್ನೇ ಯಾಕಪ್ಪ ಆರಿಸಿದೆ?"

"ಸ್ಯಾಂಪಲ್ ಸಾರ್. ಇಲ್ಲಿ ಸುಲಭವಾಗಿ ಸಿಗ್ತಾರೆ."

ಸೆಕ್ರೆಟರಿ ಎದುರಿಗಿದ್ದ ಕ್ಯಾನಿಗೆ ಕೈಯಲ್ಲಿದ್ದ ಸೌಟು ಇಳಿಸಿ, ತಳದಿಂದ ಮೇಲಕ್ಕೆ ಚೆನ್ನಾಗಿ ಕಲಕಿ, ಆಮೇಲೆ ಶೀಶೆಗೆ ಒಂದಿಷ್ಟು ಬಿಟ್ಟುಕೊಂಡರು. "ನೋಡು, ಕಲಕದೆ ಮೇಲಿಂದ ತೆಗೆದರೆ ಫ್ಯಾಟ್ ಜಾಸ್ತಿ ತೋರಿಸುತ್ತೆ. ಅಂಥದ್ದನ್ನ ತುಮಕೂರು ಹಾಲು ಒಕ್ಕೂಟದೋರು ಒಪ್ಪಲ್ಲ. ನಿಮ್ಮ ಯೂನಿವರ್ಸಿಟಿಯೋರು ಒಪ್ತಾರಾ?"

ಒಪ್ಪುತ್ತಾರೆ ಎಂದು ಅವನು ಹೇಳಲಿಲ್ಲ. ಮಾರನೆಯ ದಿನದಿಂದ ಊರು ಅವನನ್ನು ಸ್ಯಾಂಪಲ್ಲಪ್ಪ ಎಂದಿತು.

ಹೋಟೆಲಿನಲ್ಲಿ ಅವನ ಪಾಠಗಳು ಮಾತ್ರ ನಿಂತಿಲ್ಲ. ಟಿ ಟೆಸ್ಟನ್ನು 1908ರಲ್ಲಿ ಹೊರಗೆ ತಂದವನು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯ ನೌಕರ ಗಾಸೆಟ್ ಎಂದು ಹೇಳಿದ ದಿನ, "ಅದಕ್ಕೇ ನಿನ್ನ ಮಾತು ಕೇಳಿದ್ರೆ ತಲೆ ತಿರುಗೋದು" ಎಂದು ಯಾರೋ ಅಂದರು. ಈವೆಂಟ್ ಸ್ಟಡಿ ಪಾಠ ಇನ್ನೂ ದೂರ ಹೋಯಿತು. ಕಂಪನಿಗಳು ಲಾಭ ಪ್ರಕಟಿಸುವ ಮುಂಚೆಯೇ ಶೇರಿನ ಬೆಲೆ ಬಹುಪಾಲು ಸರಿದಿರುತ್ತದೆ ಎಂದು ಬಾಲ್ ಮತ್ತು ಬ್ರೌನ್ ಎಂಬ ಸಂಶೋಧಕರು 1968ರಲ್ಲೇ ತೋರಿಸಿದರಂತೆ. ವಸಂತನರಸಾಪುರದ ಕಡೆಯ ಹಿರಿಯರೊಬ್ಬರಿಗೆ ಇದು ಹೊಸದೇನೂ ಅನ್ನಿಸಲಿಲ್ಲ. "ಅದಕ್ಕೆ ಫಾರಿನ್ನಿಗೆ ಯಾಕಯ್ಯ ಹೋಗ್ತೀಯ? 2014ರಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟನೆ ಮಾಡೋ ಹೊತ್ತಿಗೆ ನಮ್ಮ ಕಡೆ ಎಕರೆ ರೇಟು ಏರಿ ಕೂತು ಎಷ್ಟು ಕಾಲ ಆಗಿತ್ತು!"

ಸ್ಯಾಂಪಲ್ಲಪ್ಪನಿಗೆ ರೋಮಾಂಚನ. ಒಂದಿಷ್ಟು ಕ್ರಯಪತ್ರಗಳ ನಕಲು ಒಟ್ಟುಮಾಡಿ ಕೂತ. ಮಾರಿದವರು, ಕೊಂಡವರು ಎಲ್ಲರೂ ಸರ್ಕಾರದ ಮಾರ್ಗಸೂಚಿ ಬೆಲೆಗೆ ಒಂದು ರೂಪಾಯಿ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ವ್ಯವಹರಿಸಿದ್ದರು. ಉಳಿದ ದುಡ್ಡು ಕೈಯಿಂದ ಕೈಗೆ ಹೋದದ್ದು ಇಡೀ ಹೋಬಳಿಗೆ ಗೊತ್ತು, ಡಾಟಾಗೆ ಗೊತ್ತಿಲ್ಲ. ಅವನ ಟೇಬಲ್ಲಿನ ಪ್ರಕಾರ ಹೆದ್ದಾರಿ ಪಕ್ಕದ ಜಮೀನಿಗೆ ಬೆಲೆ ಏರಿಯೇ ಇಲ್ಲ. ಇದನ್ನು ಅವನು ಆ ಹಿರಿಯರಿಗೇ ಹೇಳಿದ. ಅವರು ಟೀ ಗ್ಲಾಸು ಕೆಳಗಿಟ್ಟು, ಹಾಗಾದರೆ ಆ ರೇಟಿಗೆ ತನಗೆ ನಾಲ್ಕು ಎಕರೆ ಕೊಡಿಸು ಎಂದರು.

ಇನ್ನು ಅಜ್ಜಿಯ ವಿಷಯ. ಮೇಲಿನ ಬೀದಿಯ ಅಜ್ಜಿಯ ಜಗಲಿಯಲ್ಲಿ ಕೂತು, ಲೈಕರ್ಟ್ ಎಂಬ ಮನಶ್ಶಾಸ್ತ್ರಜ್ಞ 1932ರಲ್ಲಿ ಹಾಕಿಕೊಟ್ಟ ಅಳತೆಯಲ್ಲಿ ಅವನು ಕೇಳಿದ: "ನಷ್ಟದ ಸಾಧ್ಯತೆ ಇದ್ದರೂ ಹೆಚ್ಚಿನ ಲಾಭಕ್ಕಾಗಿ ನಾನು ಹಣ ತೊಡಗಿಸುತ್ತೇನೆ. ಸಂಪೂರ್ಣ ಒಪ್ತೀಯಾ, ಒಪ್ತೀಯಾ, ತಟಸ್ಥವಾ, ಒಪ್ಪಲ್ವಾ, ಸುತರಾಂ ಒಪ್ಪಲ್ವಾ?"

"ನಷ್ಟ ಆಗ್ತದೆ ಅಂತ ಗೊತ್ತಿದ್ದೂ ದುಡ್ಡು ಹಾಕಕ್ಕೆ ನಂಗೇನು ತಲೆ ಕೆಟ್ಟೈತೇನ್ಲಾ?"

1 ಅಂಕ. ಶೇರು ಇಲ್ಲ, ಮ್ಯೂಚುವಲ್ ಫಂಡ್ ಇಲ್ಲ, ಶಾಲೆಗೆ ಹೋಗಿಲ್ಲ. ಅಪಾಯಕ್ಕೆ ಅಂಜುವ ಕುಟುಂಬ. ಫಾರಂ ಮಡಚಿ ಕುಡಿಯಲು ನೀರು ಕೇಳಿದ.

"ನೀರೆಲ್ಲೈತಪ್ಪ? ಮೊದಲನೇ ಬೋರು ಐನೂರಡಿ ಹೋದ್ರೂ ಬರೀ ಧೂಳು. ಎರಡನೇದು ಒಂದು ಬೇಸಿಗೆ ಬಂತು, ನಿಂತೋಯ್ತು. ಮೂರನೇದಕ್ಕೆ ಬಳೆ ಅಡ ಇಟ್ಟೆ, ಸೊಸೈಟೀಲಿ ಸಾಲ ಎತ್ತಿದೆ, ಸಾಲ್ದೆ ಲಕ್ಷದ ಚೀಟಿನ ಇಪ್ಪತ್ತೆರಡು ಸಾವಿರಕ್ಕೆ ಕೂಗಿ ಎಪ್ಪತ್ತೆಂಟು ತಂದೆ. ಸಾವಿರದಡಿ. ಬಿಳೀ ಪುಡಿ."

"ಮತ್ತೀಗ?"

"ಉಗಾದಿ ಕಳೀಲಿ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡೋನಿಗೆ ಹೇಳಿಟ್ಟಿದ್ದೀನಿ."

ಆ ಚೀಟಿಯಲ್ಲಿ ತನಗೆ ತಿಂಗಳಿಗೆ ಎಷ್ಟು ಬಡ್ಡಿ ಬಿತ್ತೆಂಬುದನ್ನೂ ಅಜ್ಜಿ ಎಲೆಯಡಿಕೆ ಮೆಲ್ಲುತ್ತಲೇ ಹೇಳಿದಳು. ಅವನು ರಾತ್ರಿ ಎಕ್ಸೆಲ್‌ನಲ್ಲಿ ಸೂತ್ರ ಹಾಕಿ ಪರೀಕ್ಷಿಸಿದ, ಹೆಚ್ಚುಕಡಿಮೆ ಅಷ್ಟೇ ಬಂತು. ಫಾರಂನಲ್ಲಿ ಬೋರ್‌ವೆಲ್ಲಿಗೆ ಕಾಲಂ ಇರಲಿಲ್ಲ. ಆದರೂ ಹುಡುಗ ಪ್ರಾಮಾಣಿಕ. 1 ಹೊಡೆದುಹಾಕಿ 5 ಬರೆದ.

ಅದೇ ಮುಳುವಾಯಿತು. ಓದು ಹೆಚ್ಚಿದಂತೆ ಅಪಾಯ ಎದುರಿಸುವ ಧೈರ್ಯ ಹೆಚ್ಚುತ್ತದೆ ಎಂದು ಸಾಬೀತಾಗಬೇಕಿತ್ತು, ಪಿ ವ್ಯಾಲ್ಯೂ 0.05ರ ಕೆಳಗೆ ಬರಬೇಕಿತ್ತು. ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ 1925ರ ಪುಸ್ತಕದಲ್ಲಿ ಅನುಕೂಲಕ್ಕೆಂದು ಎಳೆದ ಗೆರೆ ಅದು, ಈಗ ಲಕ್ಷ್ಮಣರೇಖೆಯಾಗಿದೆ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ 0.051 ತೋರಿಸಿತು. ಸ್ಯಾಂಪಲ್ಲಪ್ಪ ಆ ರಾತ್ರಿ ಮುದ್ದೆ ಮುಟ್ಟಲಿಲ್ಲ. ಕೆಲಸ ಹೋಗಿರಬೇಕು ಎಂದು ಮನೆಯವರು ಗಾಬರಿಯಾದರು. ಕೆಲಸವೇ ಇರಲಿಲ್ಲವೆಂದು ಸ್ವಲ್ಪ ತಡವಾಗಿ ನೆನಪಾಯಿತು.

ಗೈಡ್ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಔಟ್‌ಲಯರ್ ಇದ್ದರೆ ತೆಗಿ." ಹುಡುಕಿದ. ಶಾಲೆ 0, ಧೈರ್ಯ 5, ಇಡೀ 120ರಲ್ಲಿ ಒಂದೇ ಸಾಲು. ಅಳಿಸಿ ಮತ್ತೆ ಓಡಿಸಿದ. 0.043. ಓದಿಲ್ಲದ ಹಿರಿಯರು ಅಪಾಯಕ್ಕೆ ಅಂಜುತ್ತಾರೆ, ಅವರಿಗೆ ಹಣಕಾಸು ಸಾಕ್ಷರತೆಯ ಶಿಬಿರ ನಡೆಸತಕ್ಕದ್ದು ಎಂದು ಸಲಹೆಗಳ ಅಧ್ಯಾಯ ಮುಗಿಯಿತು. ವೈವಾ ಕೂಡ ಚೆನ್ನಾಗಿಯೇ ಆಯಿತು.

ಉಗಾದಿಯ ಆಸುಪಾಸಿನಲ್ಲಿ ಅಜ್ಜಿ ದಾರಿಯಲ್ಲಿ ಸಿಕ್ಕಳು. "ಏನ್ಲಾ, ಅವತ್ತು ಅಷ್ಟೊಂದು ಬರ್ಕೊಂಡು ಹೋದಲ್ಲ, ನಂದು ಏನಾಯ್ತು?"

ಸುಳ್ಳು ಹೇಳಲು ಬಾರದ ಹುಡುಗ. "ನಿನ್ನ ಲೆಕ್ಕ ಉಳಿದವರ ಜೊತೆ ಹೊಂದಲಿಲ್ಲ ಅಜ್ಜಿ. ಪಟ್ಟಿಯಿಂದ ತೆಗೆದುಬಿಟ್ಟೆ."

"ಹಂಗೆಲ್ಲ ತೆಗೀಬೋದಾ?"

"ತೆಗೀಬಹುದು ಅಜ್ಜಿ. ಕಾರಣ ಒಂದು ಬರೆದರೆ ಸಾಕು."

"ಅಯ್ಯೋ ನಿನ್ನ ಹೊಟ್ಟೆ ತಣ್ಣಗಿರ್ಲಿ. ಹಂಗಾದ್ರೆ ನಡಿ ಮಗ, ಸೊಸೈಟಿ ಇನ್ನೂ ಬಾಗ್ಲು ಹಾಕಿಲ್ಲ. ಅವರ ಪಟ್ಟೀಲೂ ನನ್ನ ಹೆಸರೈತೆ."