ನೋ ಎರರ್

ಭೂಸನೂರಿನ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದವೆಂದರೆ ಚಾದಂಗಡಿಯಲ್ಲಿ ಕೂರಲು ಜಾಗ ಸಿಗುವುದಿಲ್ಲ. ಮೂಲೆಯ ಬೆಂಚು ಮಾತ್ರ ಎಫ್‌ಡಿಎ, ಎಸ್‌ಎಸ್‌ಸಿ ಎಂದು ಕಂಡಕಂಡದ್ದಕ್ಕೆಲ್ಲ ಅರ್ಜಿ ಹಾಕಿದ ಹುಡುಗರದು. ಇಂಗ್ಲಿಷ್ ವಾಕ್ಯವನ್ನು ತುಂಡು ಮಾಡಿಕೊಟ್ಟು, ಯಾವ ತುಂಡಿನಲ್ಲಿ ತಪ್ಪಿದೆ ಎಂದು ಕೇಳುವ ಪ್ರಶ್ನೆ ಅವರ ಜೀವ ಹಿಂಡುತ್ತದೆ. ಹಾಗೆ ನೋಡಿದರೆ ತಪ್ಪು ಹುಡುಕುವುದರಲ್ಲಿ ನಮ್ಮೂರವರು ಹಿಂದೆ ಬಿದ್ದವರಲ್ಲ. ಮದುವೆ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹತ್ತು ಹೇಳುತ್ತಾರೆ. ಕಾಟವೆಲ್ಲ ‘ನೋ ಎರರ್’ ಎಂಬ ಕೊನೆಯ ಆಯ್ಕೆಯದು. ತಪ್ಪೇ ಇಲ್ಲ ಎಂದು ಒಪ್ಪಿಕೊಳ್ಳುವ ರೂಢಿ ನಮಗೆಲ್ಲಿದೆ?

ಮೊನ್ನೆಯ ಪರೀಕ್ಷೆಯ ವಾಕ್ಯವನ್ನು ನಾನು ಗಟ್ಟಿಯಾಗಿ ಓದಿದೆ: ‘ನೈದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ವಾಸ್ ಪ್ರೆಸೆಂಟ್.’ ಒಬ್ಬ ವಾಸ್ ಸರಿ ಎಂದ, ಇನ್ನೊಬ್ಬ ವರ್ ಆಗಬೇಕೆಂದ. ಪೂರಾ ಓದದ ನಾಲ್ವರೂ ಕೈ ಎತ್ತಿ ಮತ ಹಾಕಿದರು. ನಾನು ರೆನ್ ಮತ್ತು ಮಾರ್ಟಿನ್ ತೆಗೆದೆ. ಹಿಂದುಸ್ತಾನದಲ್ಲಿದ್ದ ಸಾಹೇಬರ ಮಕ್ಕಳಿಗೆಂದು 1930ರ ದಶಕದಲ್ಲಿ ಬರೆದ ಇಂಗ್ಲಿಷ್ ವ್ಯಾಕರಣ ಪುಸ್ತಕವದು. ಆಗ ನಾವು ನಿಜಾಮರ ಕೈಯಲ್ಲಿದ್ದೆವು, ಕಚೇರಿಯ ತಂಟೆಯೆಲ್ಲ ಉರ್ದುವಿನಲ್ಲಿ. ಆ ಪುಸ್ತಕದ ಪ್ರಕಾರ ಕ್ರಿಯಾಪದ ತನಗೆ ಹತ್ತಿರ ಕೂತವರ ಮಾತು ಕೇಳಬೇಕಂತೆ, ಥೇಟ್ ಗ್ರಾಮ ಪಂಚಾಯಿತಿ ಅಧ್ಯಕ್ಷರ ಹಾಗೆ. ಆದ್ದರಿಂದ ವರ್.

ಅಷ್ಟರಲ್ಲಿ ಕಬ್ಬಿನ ಸರದಿಗೆ ಕಾದು ಕೂತಿದ್ದ ಕಾಕಾ ಬಸಿಯಿಂದ ಚಾ ಹೀರಿ, “ತಪ್ಪು ಅಲ್ಲೇ ಅದ,” ಅಂದರು.

“ಕಾಕಾ, ನಿಮಗ ಇಂಗ್ಲಿಷ್ ಬರ್ತದೇನ್ರಿ?”

“ನನಗೆಲ್ಲಿದು ಬರ್ತದೋ? ಅಲ್ಲಿಗಿ ಬಂದಾಗ ನಿನ್ನ ದನಿ ಮುಗ್ಗರಿಸ್ತು.”

ನನಗೆ ಶ್ರೀವಿಜಯ ನೆನಪಾದ. ಸುಮಾರು 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ ಕೂತು ಕವಿರಾಜಮಾರ್ಗ ಬರೆದವನು. ಕನ್ನಡಿಗರು ಓದದೆಯೂ ಕಾವ್ಯ ಬಲ್ಲವರು, ಮಕ್ಕಳೂ ಮಾತಿನ ವಿವೇಕ ಅರಿತವರು ಎಂದು ಹೊಗಳಿದವನು. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ. ಹೊಗಳಿಕೆಯಲ್ಲಿ ಒಂದು ಪಾಲು ಕಾಕಾಗೆ ಕೊಟ್ಟೆ. ಇಂಗ್ಲಿಷ್ ಎಂದು ಶ್ರೀವಿಜಯ ಹೇಳಿರಲಿಲ್ಲ, ನಿಜ. ಬೇಡ ಎಂದೂ ಹೇಳಿರಲಿಲ್ಲ.

ಕೀ ಉತ್ತರ ಬಂತು: ‘ನೋ ಎರರ್’. ಬೆಂಚೇ ಎದ್ದು ನಿಂತಿತು. ಆಕ್ಷೇಪಣೆ ಸಲ್ಲಿಸಬಹುದು, ಆದರೆ ಆಧಾರದ ದಾಖಲೆ ಲಗತ್ತಿಸಬೇಕು ಎಂದಿತ್ತು ಪ್ರಕಟಣೆ. ನನ್ನ ರೆನ್ ಮತ್ತು ಮಾರ್ಟಿನ್‌ನಲ್ಲಿ ನೋಡಿದರೆ ಅಷ್ಟರೊಳಗೆ ಬೇಕಾದ ಪುಟಕ್ಕೇ ಗೆದ್ದಲು ಹಿಡಿದಿತ್ತು. ಒಬ್ಬ ಹುಡುಗ ತಲೆ ಕೆರೆದುಕೊಂಡ:

“ಸರ್, ಕಾಕಾನ ಹೆಬ್ಬೆಟ್ಟು ಒತ್ತಿಸಿ ಕಳಿಸಿದ್ರ ನಡೀತದೇನ್ರಿ?”