ಚುರುಮುರಿ ಇಲ್ಲದ ದಂಡೆ

ಡೆನ್ಮಾರ್ಕಿನ ಪಶ್ಚಿಮಕ್ಕೆ, ಉತ್ತರ ಸಮುದ್ರದ ಅಂಚಿನಲ್ಲಿ, ಮರಳುದಂಡೆಗಳು ಮೈಲಿಗಟ್ಟಲೆ ಖಾಲಿ ಬಿದ್ದಿರುತ್ತವೆ. ಒಂಟೆ ಸವಾರಿಯಿಲ್ಲ, ಬೋಂಡದ ಬಾಣಲೆಯಿಲ್ಲ, ಸೆಲ್ಫಿಗೆಂದು ನೆಟ್ಟ ಹೃದಯಾಕಾರದ ಕಮಾನೂ ಇಲ್ಲ. ಇಷ್ಟು ಕೇಳಿದ್ದೇ ತಡ, ನಮ್ಮವರು ಆ ನಾಡಿನ ಶಿಸ್ತನ್ನು ಕೊಂಡಾಡಲು ಶುರುಮಾಡುತ್ತಾರೆ. ನನಗೆ ಅಷ್ಟು ಭಕ್ತಿ ಬರುವುದಿಲ್ಲ. ಬೇಸಿಗೆಯ ತುದಿಯಲ್ಲೂ ಅಲ್ಲಿನ ನೀರು 18 ಡಿಗ್ರಿ ದಾಟುವುದು ಅಪರೂಪ; ಮಾಘಮಾಸದ ಬೆಳಿಗ್ಗೆ ಹುಣಸೂರಿನ ನಲ್ಲಿಯಲ್ಲಿ ಬರುವ ನೀರು ಅದಕ್ಕಿಂತ ದಯಾಳು. ಗಾಳಿಯೋ, ಕೈಯಲ್ಲಿರುವ ತಿಂಡಿಗೆ ಮರಳು ಉದುರಿಸದೆ ಬಿಡುವುದಿಲ್ಲ. ಅಂಥ ಕಡೆ ಜನ ಇಲ್ಲವೆಂದರೆ ಅದರಲ್ಲಿ ಶಿಸ್ತಿನ ಪಾಲೆಷ್ಟು, ನಡುಕದ ಪಾಲೆಷ್ಟು? ದಂಡೆಯೊಂದು ತನ್ನ ಪಾಡಿಗೆ ತಾನು ಉಳಿಯುವುದು ಮನುಷ್ಯರ ಸದ್ಗುಣದಿಂದಲ್ಲ, ದಂಡೆಯದೇ ದುರ್ಗುಣದಿಂದ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಹುಡುಕಲು ವಿಮಾನ ಹತ್ತಬೇಕಾಗಿಲ್ಲ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಗೆ ಕಡಲಿಲ್ಲ, ನಿಜ. ಬೇಕೆಂದರೆ ಘಟ್ಟ ಇಳಿದು ಕಣ್ಣೂರಿಗೆ ಹೋಗಬೇಕು. ಆದರೆ ದಂಡೆ ಇದೆ. ಹುಣಸೂರಿನ ಲಕ್ಷ್ಮಣತೀರ್ಥ ಕಾವೇರಿಯನ್ನು ಸೇರುವ ಕಡೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಹರಡಿಕೊಂಡಿದೆ. ಕೋಟೆಯಲ್ಲಿ 1974ರಿಂದ ಕಬಿನಿಯ ಹಿನ್ನೀರು. ಕಬಿನಿಯ ಪೂರ್ಣಮಟ್ಟ 2284 ಅಡಿ, ಅದೂ ಸಮುದ್ರಮಟ್ಟದಿಂದ. ನಮಗೂ ಸಮುದ್ರಕ್ಕೂ ಇರುವ ಸರಕಾರಿ ಸಂಬಂಧ ಅದೊಂದೇ.

ಏಪ್ರಿಲ್, ಮೇ ಬಂತೆಂದರೆ ಹಿನ್ನೀರು ಹಿಂದೆ ಸರಿದು, ಕಣ್ಣು ಹಾಯುವವರೆಗೆ ಬಯಲು ಬಿಚ್ಚಿಕೊಳ್ಳುತ್ತದೆ. ನೀರಿನ ಹತ್ತಿರಹತ್ತಿರ ಹೋದಂತೆ ಗೋಡು. ಕಾಲಿಟ್ಟರೆ ಪಾದ ಬರುತ್ತದೆ, ಚಪ್ಪಲಿ ಬರುವುದಿಲ್ಲ. ಇದೆಂಥ ಬೀಚು ಸ್ವಾಮಿ, ಮರಳೇ ಇಲ್ಲವಲ್ಲ ಎನ್ನುವವರಿದ್ದಾರೆ. ಮರಳಿಲ್ಲದ್ದೇ ಪುಣ್ಯ. ನಮ್ಮ ಸೀಮೆಯಲ್ಲಿ ಮರಳೆಂದರೆ ಕೂತು ಸೂರ್ಯಾಸ್ತ ನೋಡುವ ವಸ್ತುವಲ್ಲ, ಲೋಡಿನ ಲೆಕ್ಕದಲ್ಲಿ ಮಾತಾಡುವ ವಸ್ತು. ಹಿನ್ನೀರಿನ ಅಂಚಿನಲ್ಲಿ ಡೆನ್ಮಾರ್ಕಿನಂಥ ಹೊಂಬಣ್ಣದ ಮರಳು ಹಾಸಿದ್ದರೆ ಬೆಳಗಾಗುವಷ್ಟರಲ್ಲಿ ಅದು ಯಾರದೋ ಮನೆಯ ಆರ್‌ಸಿಸಿ ಆಗಿರುತ್ತಿತ್ತು. ಗೋಡನ್ನು ಯಾರೂ ರಾತ್ರೋರಾತ್ರಿ ಸಾಗಿಸುವುದಿಲ್ಲ.

ಗೋಡಿಗಿಂತ ಗಟ್ಟಿಯಾದ ಕಾವಲುಗಾರ ನೀರು. ಮಳೆ ಸರಿಯಾಗಿ ಹಿಡಿದ ವರ್ಷ ಜುಲೈ, ಆಗಸ್ಟಿನಲ್ಲಿ ಅದು ಬಂದು, ಬೇಸಿಗೆಯಲ್ಲಿ ಬಿಟ್ಟುಕೊಟ್ಟ ಜಾಗವನ್ನೆಲ್ಲ ವಾಪಸ್ ಪಡೆಯುತ್ತದೆ. ನೋಟಿಸಿಲ್ಲ, ತಡೆಯಾಜ್ಞೆಯಿಲ್ಲ, ಶಾಸಕರ ಶಿಫಾರಸೂ ನಡೆಯುವುದಿಲ್ಲ. ಕಾಂಕ್ರೀಟ್ ಬೆಂಚು ಹಾಕಿದವನು ಅದರ ಮೇಲೆ ಮೀನು ಕೂರುವುದನ್ನು ಕಲ್ಪಿಸಿಕೊಳ್ಳಬೇಕಷ್ಟೆ. ಕಬಿನಿಯಲ್ಲಿ ಹೆಚ್ಚುವರಿ ಸಿಬ್ಬಂದಿಯೂ ಉಂಟು. ಬೇಸಿಗೆಯಲ್ಲಿ ನಾಗರಹೊಳೆ, ಬಂಡೀಪುರದ ಕಾಡು ಒಣಗಿದಾಗ ಆನೆಗಳು ಹಿಂಡುಹಿಂಡಾಗಿ ಇಳಿದು, ನೀರು ಸರಿದಲ್ಲಿ ಚಿಗುರಿದ ಹುಲ್ಲು ಮೇಯುತ್ತವೆ. ನೀರಲ್ಲಿ ಮೊಸಳೆ. ಇವರ ಮುಂದೆ ಪ್ಯಾರಾಸೇಲಿಂಗ್ ಟೆಂಡರು ಹಿಡಿಯುವ ಗುತ್ತಿಗೆದಾರ ಇನ್ನೂ ಹುಟ್ಟಬೇಕು.

ಬಲ್ಲವರು ಇಲ್ಲಿ ತಕರಾರು ತೆಗೆಯಬಹುದು: ಡೆನ್ಮಾರ್ಕಿನಲ್ಲಿ ಕಾನೂನಿಲ್ಲವೆ? ಇದೆ. ಕಡಲಂಚಿನಿಂದ 100 ಮೀಟರಿನೊಳಗೆ ಕಟ್ಟಬಾರದೆಂದು 1937ರಲ್ಲೇ ಮಾಡಿದರು, ಆಮೇಲೆ ಅದನ್ನು 300ಕ್ಕೆ ಏರಿಸಿದರು. ಆದರೆ ಆ ಕಾನೂನು ಬೇಕಾದದ್ದಾದರೂ ಯಾಕೆ? ಅಲ್ಲಿನ ಜನಕ್ಕೂ ಬೇಸಿಗೆ ಮನೆಯ ಚಪಲ ಹತ್ತಿತ್ತು, ಚಳಿಯೊಂದನ್ನೇ ನಂಬಿ ಕೂರುವಂತಿರಲಿಲ್ಲ. ನಮ್ಮಲ್ಲೂ 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ, ಆದರೆ ಅದು ಸಮುದ್ರಕ್ಕೆ, ಅಣೆಕಟ್ಟೆಯ ಹಿನ್ನೀರಿಗಲ್ಲ. ಅಭಿವೃದ್ಧಿಯಾದ ಬೀಚೆಲ್ಲ ಕೆಟ್ಟದ್ದೆ ಎಂದು ಇನ್ನೊಬ್ಬರು ಕೇಳಬಹುದು. ಖಂಡಿತ ಅಲ್ಲ. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು. ತಮಾಷೆಯೆಂದರೆ ಆ ಬಾವುಟ ಕೊಡುವ ಸಂಸ್ಥೆಯ ಕಚೇರಿ ಇರುವುದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಅವರ ಪಟ್ಟಿಯಲ್ಲಿ ನೀರಿನ ಗುಣಮಟ್ಟವಿದೆ, ಶೌಚಾಲಯವಿದೆ, ಜೀವರಕ್ಷಕರಿದ್ದಾರೆ; ಸದ್ದಿಲ್ಲದಿರುವುದಕ್ಕೆ ಅಂಕವಿಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ಹೊಟ್ಟೆಪಾಡಿನದು. ಕೋಟೆ ಹಿಂದುಳಿದ ತಾಲ್ಲೂಕು. ಆ ನೀರಿನಡಿ ಊರುಗಳು, ಹೊಲಗಳು ಹೋಗಿವೆ. ಎದ್ದುಹೋದವರಿಗೆ ನನ್ನಂಥವರು ದಂಡೆಯ ಪ್ರಶಾಂತತೆಯ ಪಾಠ ಹೇಳಿದರೆ ಅವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವುದು ನ್ಯಾಯವೇ. ಆದರೆ ಕಬಿನಿಯ ರೆಸಾರ್ಟುಗಳು ಮಾರುತ್ತಿರುವುದೇನು ನೋಡಿ. ಹಾಸಿಗೆ ಬೆಂಗಳೂರಿನಲ್ಲೂ ಇದೆ, ಕೋಳಿಸಾರು ಬೈಪಾಸಿನ ಡಾಬಾದಲ್ಲೂ ಸಿಗುತ್ತದೆ. ಇಲ್ಲಿ ರಾತ್ರಿಯ ಲೆಕ್ಕದಲ್ಲಿ ಮಾರಾಟವಾಗುತ್ತಿರುವುದು ಆ ಖಾಲಿ ದಂಡೆ. ಅಲ್ಲಿ ಚುರುಮುರಿ ಗಾಡಿ ಸಾಲು ನಿಂತ ದಿನ ಸರಕೇ ಮಾಯ. ಹಾಗಾಗಿ ಕೇಳಬೇಕಾದ ನ್ಯಾಯ ಬೇರೆ: ಖಾಲಿತನದ ಕಾಸು ಜಮೀನು ಕಳೆದುಕೊಂಡವರ ಊರಿಗೆ ಎಷ್ಟು ತಲುಪುತ್ತಿದೆ?

ನನ್ನ ವಾದದಲ್ಲೂ ತೂತಿದೆ. ಕಾವಲುಗಾರ ರಜೆ ಹಾಕುವುದುಂಟು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತನ್ನ 124.80 ಅಡಿ ಮುಟ್ಟಲೇ ಇಲ್ಲ. ಅಂಥ ವರ್ಷ ಗೋಡು ಒಣಗಿ ಗಟ್ಟಿಯಾಗುತ್ತದೆ, ಗಟ್ಟಿಯಾದ ನೆಲಕ್ಕೆ ಕಾರು ಇಳಿಯುತ್ತದೆ, ಕಾರಿನ ಹಿಂದೆ ಸ್ಪೀಕರು, ಸ್ಪೀಕರಿನ ಹಿಂದೆ ಬಾಟಲಿ. ಆಗ ಪ್ರವಾಸೋದ್ಯಮದವರು ಏನಾದರೂ ಮಾಡಲೇಬೇಕೆಂದು ಹಟ ಹಿಡಿದರೆ ಒಂದು ಬೋರ್ಡಿಗೆ ಮಾತ್ರ ನನ್ನ ಒಪ್ಪಿಗೆ: ‘ಮುಂದೆ ಕೆಸರಿದೆ, ಚಪ್ಪಲಿಗೆ ಇಲಾಖೆ ಜವಾಬ್ದಾರಿಯಲ್ಲ.’